ನನ್ನ ಸ್ಟ್ರೋಕ್‌ಗೆ ಕಾರಣ ಹುಡುಕಿದ ಎಂಆರ್‌ಐ

ಸ್ಟ್ರೋಕ್ ಆದವರನ್ನು ನೋಡುವಾಗ ವೈದ್ಯರ ತಲೆಯಲ್ಲಿ ಎರಡು ಪ್ರಶ್ನೆ ಓಡುತ್ತಿರುತ್ತವೆ. ಮೆದುಳಿನಲ್ಲಿ ಏಟು ಬಿದ್ದದ್ದು ಎಲ್ಲಿ? ಅಲ್ಲಿಗೆ ರಕ್ತ ಹೋಗುವುದು ನಿಂತದ್ದು ಯಾಕೆ? ನನ್ನ ಮಟ್ಟಿಗೆ ಮೊದಲ ಪ್ರಶ್ನೆಗೆ ಅದೇ ದಿನ ಉತ್ತರ ಸಿಕ್ಕಿತು. ಎರಡನೆಯದಕ್ಕೆ ನಾನು ಕೆಲವು ದಿನ ಕಾದು, ಮತ್ತೆ ಆ ಮೆಷಿನ್ ಒಳಗೆ ಮಲಗಬೇಕಾಯಿತು. ಔಷಧಿ, ಓಡಾಟ, ಭಯ ಎಲ್ಲವೂ ನಿಂತಿದ್ದು ಎರಡನೆಯ ಉತ್ತರದ ಮೇಲೆಯೇ. ಹಾಗಾಗಿ ಇಲ್ಲಿ ಅದನ್ನೇ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಆದದ್ದೇನು ಅಂತ ಹೇಳಿಬಿಡುತ್ತೇನೆ. ಕೆಲವು ದಿನಗಳಿಂದ ಕತ್ತಿನ ಬಲಭಾಗ ನೋಯುತ್ತಿತ್ತು. ಕಿವಿಯ ಕೆಳಗಿನಿಂದ ಹಣೆಯವರೆಗೆ ಎಳೆತ. ಮಲಗುವಾಗ ಕತ್ತು ಉಳುಕಿರಬೇಕು ಅಂದುಕೊಂಡು ಸುಮ್ಮನಿದ್ದೆ. ಒಂದು ಬೆಳಗ್ಗೆ ಎಡಗೈಯಲ್ಲಿದ್ದ ಫೋನ್ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ತಂಗಿಯನ್ನು ಕರೆದೆ, ಮಾತು ತೊದಲಿತು. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಅಣ್ಣಾ, ಒಂದ್ಸಲ ನಗು ನೋಡೋಣ" ಅಂದಳು. ಬಾಯಿಯ ಎಡ ಅಂಚು ಮೇಲೆ ಏಳಲಿಲ್ಲವಂತೆ. ಮುಂದಿನ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಅಲ್ಲಿ ಮೊದಲು ಮಾಡಿದ್ದು ಸಿಟಿ ಸ್ಕ್ಯಾನ್. ಎಂಆರ್‌ಐ ಜಾಸ್ತಿ ಚೆನ್ನಾಗಿ ತೋರಿಸುತ್ತದೆ ಅಂತಾರಲ್ಲ, ಮತ್ತೆ ಸಿಟಿ ಯಾಕೆ ಅಂತ ತಂಗಿ ಕೇಳಿದಳು. ಸಿಟಿ ಕೆಲವೇ ನಿಮಿಷದ ಕೆಲಸ. ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯೋ ಇಲ್ಲವೋ ಅಂತ ಅದು ತಕ್ಷಣ ಹೇಳುತ್ತದೆ. ರಕ್ತಸ್ರಾವ ಆಗಿರುವಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಆ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ 4.5 ಗಂಟೆ. ದೊಡ್ಡ ನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲಿ ಒಂದು ಲೆಕ್ಕ ಬಂದಿತ್ತು. ಹಾಗಿರುವಾಗ ಯಾವ ಸ್ಕ್ಯಾನ್ ಬೇಗ ಆಗುತ್ತದೋ ಅದೇ ಮೊದಲು.

ನನ್ನ ಸಿಟಿ ನಾರ್ಮಲ್ ಬಂತು. ಅಷ್ಟು ಹೊತ್ತಿಗೆ ಕೈಯಲ್ಲಿ ಬಲ ವಾಪಸ್ ಬರತೊಡಗಿತ್ತು, ಮಾತೂ ಸರಿಯಾಗುತ್ತಿತ್ತು. ಹಾಗಾಗಿ ಇಂಜೆಕ್ಷನ್ ಬೇಡ ಅಂದರು. ಇಷ್ಟೇ ಆಗಿದ್ದರೆ ನಾನು ಮನೆಗೆ ಹೋಗೋಣ ಅನ್ನುತ್ತಿದ್ದೆ. ಆದರೆ ನ್ಯೂರಾಲಜಿಸ್ಟ್ ಮೇಡಂ ನನ್ನ ಕಣ್ಣನ್ನೇ ನೋಡುತ್ತಾ ನಿಂತರು. ರೂಮಿನ ಲೈಟ್ ಆರಿಸಿ, ಟಾರ್ಚ್ ಹಾಕಿ ನೋಡಿದರು. ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತಿತ್ತು, ಅದೇ ಕಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ಚಿಕ್ಕದಿತ್ತು. "ಕತ್ತು ನೋವು ಏನಾದ್ರೂ ಇತ್ತಾ?" ಅಂತ ಕೇಳಿದರು. ಇತ್ತು ಅಂದೆ. "ಯಾವ ಕಡೆ?" "ಬಲಗಡೆ." ಅವರು ತಲೆಯಾಡಿಸಿ ಎಂಆರ್‌ಐ ಚೀಟಿಯಲ್ಲಿ ಮೆದುಳಿನ ಜೊತೆಗೆ ಕತ್ತಿನ ರಕ್ತನಾಳ ಅಂತಲೂ ಬರೆದರು. ಎಡಗೈಗೆ ಆದ ತೊಂದರೆಗೆ ಬಲಗಣ್ಣಿನ ಸಾಕ್ಷಿ ಯಾಕೆ ಬೇಕು ಅಂತ ಆಗ ನನಗೆ ತಿಳಿಯಲಿಲ್ಲ.

ಎಂಆರ್‌ಐ ಕೋಣೆಗೆ ಹೋಗುವ ಮೊದಲು ಒಂದು ಫಾರ್ಮ್ ಕೊಡುತ್ತಾರೆ. ಪೇಸ್‌ಮೇಕರ್ ಇದೆಯಾ, ಮೆದುಳಿನ ನಾಳಕ್ಕೆ ಕ್ಲಿಪ್ ಹಾಕಿದ್ದಾರಾ, ಕಿವಿಯಲ್ಲಿ ಇಂಪ್ಲಾಂಟ್ ಇದೆಯಾ, ಕಣ್ಣಿಗೆ ಯಾವಾಗಲಾದರೂ ಕಬ್ಬಿಣದ ಚೂರು ಸಿಡಿದಿತ್ತಾ ಅಂತೆಲ್ಲ ಕೇಳುತ್ತಾರೆ. ಬೇಸರ ಬರುವಷ್ಟು ಉದ್ದ ಇರುತ್ತದೆ, ಆದರೂ ಒಂದೊಂದನ್ನೂ ಓದಿಯೇ ಟಿಕ್ ಮಾಡಬೇಕು. ಕಾರಣ, ಆ ಅಯಸ್ಕಾಂತಕ್ಕೆ ಆನ್ ಆಫ್ ಅಂತಿಲ್ಲ. ಸ್ಕ್ಯಾನ್ ನಡೆಯದೇ ಇದ್ದಾಗಲೂ ಅದು ಎಳೆಯುತ್ತಲೇ ಇರುತ್ತದೆ. ಸುರುಳಿ ತಂತಿಗಳನ್ನು ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಂಪಾಗಿಟ್ಟಿರುತ್ತಾರೆ. ಅಷ್ಟು ತಂಪಿನಲ್ಲಿ ಕರೆಂಟ್ ಯಾವ ತಡೆಯೂ ಇಲ್ಲದೆ ಸುತ್ತುತ್ತಲೇ ಇರುತ್ತದೆ. ನನ್ನನ್ನು ಹಾಕಿದ್ದು 3 ಟೆಸ್ಲಾ ಮೆಷಿನ್‌ಗೆ. ಟೆಸ್ಲಾ ಅಂದರೆ ಕಾಂತಶಕ್ತಿಯ ಅಳತೆ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ ಸುಮಾರು 60,000 ಪಟ್ಟು.

ಉಂಗುರ, ಬೆಲ್ಟ್, ವಾಚು ಎಲ್ಲ ಹೊರಗೆ. ಕಿವಿಗೆ ಪ್ಲಗ್, ಅದರ ಮೇಲೆ ಹೆಡ್‌ಫೋನ್. ಮುಖದ ಮೇಲೆ ಪಂಜರದಂಥದ್ದೊಂದು ಮುಚ್ಚಳ ಬಂತು. ಅದನ್ನು ಕಾಯಿಲ್ ಅನ್ನುತ್ತಾರೆ, ತಲೆಯಿಂದ ಬರುವ ಸಣ್ಣ ಸಿಗ್ನಲ್ ಹಿಡಿಯುವ ಆಂಟೆನಾ. ಕೈಗೆ ಒಂದು ರಬ್ಬರ್ ಬಲ್ಬ್ ಕೊಟ್ಟು, "ತೊಂದರೆ ಅನ್ನಿಸಿದರೆ ಒತ್ತಿ ಸರ್, ಸುಮ್ಸುಮ್ನೆ ಒತ್ತಬೇಡಿ" ಅಂದರು ಟೆಕ್ನಿಷಿಯನ್. ನಾನು ಬೇಕೆಂದೇ ಅದನ್ನು ಎಡಗೈಯಲ್ಲಿ ಹಿಡಿದೆ. ಬೆರಳಿಗೆ ಬಲ ಬಂದಿದೆಯಾ ಅಂತ ನೋಡಿಕೊಳ್ಳುವ ಆಸೆ. ಅವರು ನೋಡಿ, ನಕ್ಕು, ಬಲಗೈಗೆ ಬದಲಾಯಿಸಿದರು.

ಸದ್ದಿನ ಬಗ್ಗೆ ಎಲ್ಲರೂ ಹೆದರಿಸಿರುತ್ತಾರೆ. ಸುಳ್ಳಲ್ಲ, 100 ಡೆಸಿಬೆಲ್ ದಾಟುತ್ತದೆ. ಆದರೆ ಅದು ಯಾಕೆ ಬರುತ್ತದೆ ಅಂತ ಗೊತ್ತಾದ ಮೇಲೆ ನನಗೆ ಅದರ ಮೇಲಿನ ಸಿಟ್ಟು ಕಡಿಮೆಯಾಯಿತು. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ 3 ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್ ರೇಡಿಯೊ ತರಂಗಕ್ಕೆ ಸ್ಪಂದಿಸುತ್ತದೆ. ಎಫ್‌ಎಂ ರೇಡಿಯೊ 108ಕ್ಕೆ ಮುಗಿಯುತ್ತದೆ, ಅದರಿಂದ ಸ್ವಲ್ಪವೇ ಮೇಲೆ. ಇಡೀ ತಲೆ ಒಂದೇ ಸ್ವರದಲ್ಲಿ ಉತ್ತರಿಸಿದರೆ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೆ ಕಾಂತಶಕ್ತಿಯನ್ನು ಜಾಗದಿಂದ ಜಾಗಕ್ಕೆ ಸ್ವಲ್ಪ ಸ್ವಲ್ಪ ಬದಲಿಸುತ್ತಾರೆ. ಆ ಕೆಲಸ ಮಾಡುವ ಸುರುಳಿಗಳಿಗೆ ಕರೆಂಟ್ ರಭಸದಿಂದ ಹೋಗಿ ಬರುವಾಗ ಅವು ಅದುರುತ್ತವೆ. ಅದೇ ಸದ್ದು. ಈ ಉಪಾಯದಿಂದ ಚಿತ್ರ ಮೂಡಿಸಬಹುದು ಅಂತ 1973ರಲ್ಲಿ ತೋರಿಸಿದವರು ಪಾಲ್ ಲೌಟರ್ಬರ್. ಅದನ್ನು ಕ್ಷಣಾರ್ಧದಲ್ಲಿ ತೆಗೆಯುವ ದಾರಿ ಹಾಕಿಕೊಟ್ಟವರು ಪೀಟರ್ ಮ್ಯಾನ್ಸ್‌ಫೀಲ್ಡ್. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು. ಅಂದರೆ ಕಿವಿಗೆ ಹೊಡೆಯುವ ಆ ಗದ್ದಲ ನೊಬೆಲ್ ಬಂದ ಗದ್ದಲ.

ಒಂದೊಂದು ಬಗೆಯ ಚಿತ್ರಕ್ಕೆ ಒಂದೊಂದು ಸದ್ದು. ಶುರುವಿನಲ್ಲೇ ಬಂದ ಒಂದು ಸದ್ದಿಗೆ ಮಲಗಿದ್ದ ಟೇಬಲ್ ಕೂಡ ನಡುಗಿತು. ಅದು ಡಿಫ್ಯೂಷನ್ ಅಂತ ಆಮೇಲೆ ತಿಳಿಯಿತು. ಸ್ಟ್ರೋಕ್ ಹಿಡಿಯುವುದರಲ್ಲಿ ಅದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಅದು ನೋಡುವುದು ನೀರಿನ ಅಣುಗಳ ಓಡಾಟವನ್ನು. ಒಂದು ಜಾಗಕ್ಕೆ ರಕ್ತ ನಿಂತರೆ ಅಲ್ಲಿನ ಕೋಶಗಳಿಗೆ ಶಕ್ತಿ ಸಿಗುವುದಿಲ್ಲ. ಉಪ್ಪನ್ನು ಹೊರದೂಡುವ ಅವುಗಳ ಪಂಪ್ ನಿಲ್ಲುತ್ತದೆ. ನೀರು ಒಳಗೆ ನುಗ್ಗಿ ಕೋಶ ಊದಿಕೊಳ್ಳುತ್ತದೆ, ನೀರಿಗೆ ಓಡಾಡಲು ಜಾಗವಿಲ್ಲದಂತಾಗುತ್ತದೆ. ಹಾಗೆ ಸಿಕ್ಕಿಬಿದ್ದ ನೀರು ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಈ ಬದಲಾವಣೆ ಶುರುವಾಗುತ್ತದೆ. ಸಿಟಿಯಲ್ಲಿ ಅದು ಕಾಣಲು ಗಂಟೆಗಳೇ ಬೇಕಾಗಬಹುದು.

ನನ್ನ ಚಿತ್ರದಲ್ಲಿ ಮೆದುಳಿನ ಬಲಭಾಗದಲ್ಲಿ ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳಿದ್ದವು. ಎಡಗೈಯನ್ನು ಆಡಿಸುವ ಜಾಗದ ಸುತ್ತಮುತ್ತ. ಕೈ ಸರಿಹೋಗಿದೆ, ಇನ್ನೇನಿಲ್ಲ ಅಂದುಕೊಂಡಿದ್ದವನಿಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಲಕ್ಷಣ ಹೋದರೂ ಗಾಯ ಆಗಿರಬಹುದು. ಬಂದು ಹೋಗುವ ಮಿನಿ ಸ್ಟ್ರೋಕ್ ಅಂತ ನಾವು ಹಗುರವಾಗಿ ತೆಗೆದುಕೊಳ್ಳುವ ಎಷ್ಟೋ ಪ್ರಕರಣಗಳಲ್ಲಿ ಡಿಫ್ಯೂಷನ್ ಚಿತ್ರ ಹೀಗೆ ಚುಕ್ಕೆ ತೋರಿಸುತ್ತದಂತೆ.

ಇದರ ಜೊತೆ ಫ್ಲೇರ್ ಅನ್ನುವ ಇನ್ನೊಂದು ಚಿತ್ರ ತೆಗೆಯುತ್ತಾರೆ. ಹೊಸ ಸ್ಟ್ರೋಕ್ ಅದರಲ್ಲಿ ನಿಧಾನವಾಗಿ, ಕೆಲವು ಗಂಟೆ ಕಳೆದ ಮೇಲೆ ಕಾಣುತ್ತದೆ. ನಿದ್ದೆಯಲ್ಲಿ ಸ್ಟ್ರೋಕ್ ಆದವರಿಗೆ ಯಾವಾಗ ಶುರುವಾಯಿತು ಅಂತ ಹೇಳುವವರು ಯಾರೂ ಇರುವುದಿಲ್ಲವಲ್ಲ, ಅಂಥವರಿಗೆ ಇದು ದೊಡ್ಡ ಸಹಾಯ. ಡಿಫ್ಯೂಷನ್‌ನಲ್ಲಿ ಇದೆ, ಫ್ಲೇರ್‌ನಲ್ಲಿ ಇನ್ನೂ ಇಲ್ಲ ಅಂದರೆ ಆದದ್ದು ಈಗಷ್ಟೇ ಅಂತ ಅರ್ಥ. 2018ರಲ್ಲಿ ಬಂದ ಒಂದು ಅಧ್ಯಯನದ ನಂತರ ಇದನ್ನು ನೋಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ರೂಢಿಗೆ ಬಂತು. ನನಗೆ ಗಂಟೆ ಗೊತ್ತಿದ್ದರಿಂದ ಅದರ ಅಗತ್ಯ ಬೀಳಲಿಲ್ಲ.

ಇಷ್ಟಾದದ್ದು ಮೊದಲ ಪ್ರಶ್ನೆಯ ಕೆಲಸ. ಆಮೇಲೆ ಸದ್ದು ಬದಲಾಯಿತು. ಒಂದೇ ಸಮನೆ, ಎಡೆಬಿಡದೆ, ಹಲವು ನಿಮಿಷ. ಅದು ರಕ್ತನಾಳದ ಚಿತ್ರ. ಎಂಆರ್ ಆಂಜಿಯೋ ಅಂತಾರೆ. ಯಾವ ಔಷಧಿಯನ್ನೂ ಚುಚ್ಚದೆ ನಾಳಗಳನ್ನು ತೋರಿಸುವ ಬಗೆ ಇದು, ನನಗೆ ಅತ್ಯಂತ ಜಾಣತನದ್ದು ಅನ್ನಿಸಿದ್ದೂ ಇದೇ. ಒಂದು ಪದರವನ್ನು ಆರಿಸಿಕೊಂಡು ಅದರ ಮೇಲೆ ಬಿಡದೆ ರೇಡಿಯೊ ತರಂಗ ಹಾಯಿಸುತ್ತಾರೆ. ಅಲ್ಲೇ ಇರುವ ಮಾಂಸ, ಮೂಳೆ, ಮೆದುಳು ಎಲ್ಲ ಸುಸ್ತಾಗಿ ಉತ್ತರ ಕೊಡುವುದನ್ನು ನಿಲ್ಲಿಸುತ್ತವೆ. ಆದರೆ ಕೆಳಗಿನಿಂದ ಹೊಸದಾಗಿ ಹರಿದು ಬರುವ ರಕ್ತಕ್ಕೆ ಆ ಸುಸ್ತಿಲ್ಲ. ಅದು ಜೋರಾಗಿ ಉತ್ತರಿಸುತ್ತದೆ. ಕೊನೆಗೆ ಕಪ್ಪು ಹಿನ್ನೆಲೆಯ ಮೇಲೆ ಹರಿಯುವ ರಕ್ತ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಮೇಡಂ ಅದನ್ನು ಸ್ಕ್ರೀನ್ ಮೇಲೆ ತಿರುಗಿಸಿ ತಿರುಗಿಸಿ ತೋರಿಸಿದರು. ಮೆದುಳಿನ ತಳದಲ್ಲಿ ನಾಳಗಳು ಒಂದಕ್ಕೊಂದು ಸೇರಿ ಉಂಗುರ ಕಟ್ಟಿಕೊಂಡಿರುತ್ತವೆ. 1664ರಲ್ಲಿ ಥಾಮಸ್ ವಿಲ್ಲಿಸ್ ಅನ್ನುವ ಇಂಗ್ಲಿಷ್ ವೈದ್ಯರು ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಒಂದು ಕಡೆ ಮುಚ್ಚಿಕೊಂಡರೆ ಇನ್ನೊಂದು ಕಡೆಯಿಂದ ರಕ್ತ ಸುತ್ತಿ ಬರಲು ಈ ಉಂಗುರ ದಾರಿ ಕೊಡುತ್ತದೆ. ಬಹಳ ಜನರಲ್ಲಿ ಅದು ಪೂರ್ತಿ ಇರುವುದೇ ಇಲ್ಲ, ಎಲ್ಲೋ ಒಂದು ತುಂಡು ಸಣ್ಣದಾಗಿರುತ್ತದೆ ಅಥವಾ ಇರುವುದಿಲ್ಲ. ನನ್ನದು ಪುಣ್ಯಕ್ಕೆ ಚೆನ್ನಾಗಿತ್ತು. ಬಹುಶಃ ಅದಕ್ಕೇ ಇಷ್ಟರಲ್ಲೇ ಹೋಯಿತು ಅಂದರು.

ತೊಂದರೆ ಇದ್ದದ್ದು ಕೆಳಗೆ, ಕತ್ತಿನಲ್ಲಿ. ಕತ್ತಿನ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಕ್ಯಾರೋಟಿಡ್ ಅನ್ನುತ್ತಾರೆ. ಎಡಗಡೆಯ ಕ್ಯಾರೋಟಿಡ್ ನಾಳ ದಪ್ಪಗೆ, ನೇರವಾಗಿ ಮೇಲೆ ಹೋಗಿತ್ತು. ಬಲಗಡೆಯದು ಕವಲೊಡೆದ ಸ್ವಲ್ಪ ಮೇಲಿನಿಂದ ಚೂಪಾಗುತ್ತಾ ಹೋಗಿ, ತಲೆಬುರುಡೆಯ ಹತ್ತಿರ ದಾರದಂತಾಗಿತ್ತು. "ಕಿರಿದಾಗಿದೆ, ಸರಿ. ಆದರೆ ಯಾಕೆ ಅಂತ ಈ ಚಿತ್ರ ಹೇಳಲ್ಲ" ಅಂದರು ಮೇಡಂ.

ಇಲ್ಲೇ ನನಗೆ ವಿಷಯ ಹೊಳೆಯತೊಡಗಿದ್ದು. ಈ ಚಿತ್ರದಲ್ಲಿ ನಾವು ನೋಡುವುದು ನಾಳವನ್ನಲ್ಲ, ನಾಳದೊಳಗೆ ಓಡುವ ರಕ್ತವನ್ನು. ರಕ್ತ ನಿಧಾನವಾದರೆ ಅಥವಾ ಸುಳಿ ತಿರುಗಿದರೆ ಅದರ ಸಿಗ್ನಲ್ ಕುಂದುತ್ತದೆ. ಹಾಗಾಗಿ ನಿಜಕ್ಕಿಂತ ಜಾಸ್ತಿ ಕಿರಿದಾಗಿರುವಂತೆ ಕಾಣಬಹುದು. ನಾಳ ಕಿರಿದಾಗಲು ಕಾರಣಗಳೂ ಒಂದೇ ಎರಡೇ? ಗೋಡೆಯಲ್ಲಿ ಕೊಬ್ಬು ಕಟ್ಟಿರಬಹುದು. ಗೋಡೆಗೆ ಉರಿಯೂತ ಬಂದಿರಬಹುದು. ನಾಳ ಸೆಟೆದುಕೊಂಡಿರಬಹುದು. ಗೋಡೆಯೇ ಹರಿದಿರಬಹುದು. ಎಲ್ಲಕ್ಕೂ ಚಿಕಿತ್ಸೆ ಬೇರೆ ಬೇರೆ. ಉರಿಯೂತಕ್ಕೆ ಸ್ಟಿರಾಯ್ಡ್ ಬೇಕಾದರೆ ಕೊಬ್ಬಿಗೆ ಸ್ಟಾಟಿನ್ ಮಾತ್ರೆ ಬೇಕು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತರಹದ ಕಿರಿದಾದ ನಾಳ.

ಮೇಡಂಗೆ ಗೋಡೆ ಹರಿದಿದೆ ಅಂತ ಮೊದಲಿನಿಂದಲೂ ಅನುಮಾನ. ಕಣ್ಣಿನ ಸಾಕ್ಷಿ ಬೇಕಿದ್ದದ್ದು ಅದಕ್ಕೆ. ಕಣ್ಣಿನ ಪಾಪೆ ಹಿಗ್ಗಿಸುವ, ರೆಪ್ಪೆ ಎತ್ತಲು ಸಹಾಯ ಮಾಡುವ ಸಣ್ಣ ನರಗಳು ಕ್ಯಾರೋಟಿಡ್ ನಾಳದ ಹೊರಮೈಗೆ ಅಂಟಿಕೊಂಡೇ ಮೇಲೆ ಹೋಗುತ್ತವೆ. ನಾಳದ ಗೋಡೆ ಊದಿಕೊಂಡರೆ ಅವುಗಳಿಗೆ ಪೆಟ್ಟು. ನರದ ತೊಂದರೆ ಅದೇ ಕಡೆ ಕಾಣುತ್ತದೆ, ಮೆದುಳಿನ ತೊಂದರೆ ಎದುರು ಕಡೆಯ ಕೈಯಲ್ಲಿ ಕಾಣುತ್ತದೆ. ಆದರೆ ಅನುಮಾನದ ಮೇಲೆ ತಿಂಗಳುಗಟ್ಟಲೆ ಔಷಧಿ ಕೊಡಲು ಅವರಿಗೆ ಇಷ್ಟವಿರಲಿಲ್ಲ. ಗೋಡೆಯನ್ನೇ ನೋಡಬೇಕು ಅಂದರು.

ಹಾಗಾದರೆ ಇವತ್ತೇ ಮಾಡಿ ಅಂದೆ. ಬೇಡ, ಕೆಲವು ದಿನ ಕಾಯೋಣ ಅಂದರು. ಮೊದಲು ಇದು ನನಗೆ ವಿಚಿತ್ರ ಅನ್ನಿಸಿತು. ಮೊನ್ನೆವರೆಗೆ ನಿಮಿಷ ನಿಮಿಷ ಎಣಿಸುತ್ತಿದ್ದವರು ಈಗ ಕಾಯಿರಿ ಅನ್ನುತ್ತಾರಲ್ಲ! ಕಾರಣ ರಕ್ತದಲ್ಲೇ ಇದೆ. ಗೋಡೆಯೊಳಗೆ ಸೇರಿದ ರಕ್ತ ಮೊದಮೊದಲು ಸುತ್ತಲಿನ ಮಾಂಸದ ಬಣ್ಣದಲ್ಲೇ ಇರುತ್ತದೆ, ಬೇರೆಯಾಗಿ ಕಾಣುವುದಿಲ್ಲ. ಕೆಲವು ದಿನಗಳಲ್ಲಿ ಅದರ ಹಿಮೋಗ್ಲೋಬಿನ್ ಮೆಟ್‌ಹಿಮೋಗ್ಲೋಬಿನ್ ಅನ್ನುವ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಅದು ಟಿ1 ಅನ್ನುವ ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಮಿಂಚುತ್ತದೆ. ಅವಸರ ಮಾಡಿದರೆ ಇದ್ದದ್ದೂ ಇಲ್ಲ ಅಂತ ರಿಪೋರ್ಟ್ ಬರಬಹುದು. ಅಷ್ಟು ದಿನ ಆಸ್ಪಿರಿನ್ ನುಂಗಿಕೊಂಡು, ಕತ್ತು ಜಾಸ್ತಿ ತಿರುಗಿಸದೆ ಇದ್ದೆ. ಆ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಪ್ರತಿ ಗಂಟೆಗೂ ಎಡಗೈ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದೆ ಅನ್ನುವುದು ಬಿಟ್ಟರೆ.

ಎರಡನೆಯ ಸ್ಕ್ಯಾನ್ ಮೊದಲನೆಯದರ ತದ್ವಿರುದ್ಧ. ಅಲ್ಲಿ ರಕ್ತ ಬಿಳಿ, ಇಲ್ಲಿ ರಕ್ತವನ್ನು ಬೇಕೆಂದೇ ಕಪ್ಪು ಮಾಡುತ್ತಾರೆ. ಬ್ಲ್ಯಾಕ್ ಬ್ಲಡ್ ಅಂತಲೇ ಅದರ ಹೆಸರು. ಹರಿಯುವ ರಕ್ತದ ಸಿಗ್ನಲ್ ಅಳಿಸಿಬಿಟ್ಟರೆ ನಾಳದ ಗೋಡೆ ಎದ್ದು ಕಾಣುತ್ತದೆ. ಕತ್ತಿನಲ್ಲಿ ನಾಳದ ಸುತ್ತ ಇರುವ ಕೊಬ್ಬು ಕೂಡ ಬೆಳ್ಳಗಿರುವುದರಿಂದ ಅದನ್ನೂ ಅಳಿಸುತ್ತಾರೆ. ಇಲ್ಲದಿದ್ದರೆ ಬಿಳಿಯೊಳಗೆ ಬಿಳಿ ಕಳೆದುಹೋಗುತ್ತದೆ.

ನೋಡಬೇಕಾದ ಗೋಡೆ ಎಷ್ಟು ದಪ್ಪ? ಕತ್ತಿನಲ್ಲಿ ಮಿಲಿಮೀಟರ್ ಆಸುಪಾಸು, ತಲೆಯೊಳಗೆ ಅದಕ್ಕಿಂತ ತೆಳು. ಚಿತ್ರದ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರ್ ಇರಬೇಕು. ಅಷ್ಟು ಸಣ್ಣದನ್ನು ಹಿಡಿಯಲು ಒಂದೊಂದು ಚಿತ್ರಕ್ಕೂ ಹಲವು ನಿಮಿಷ. ಅಲ್ಲಾಡಿದರೆ ಮುಗಿಯಿತು. ಕತ್ತಿನ ಸ್ಕ್ಯಾನ್‌ನಲ್ಲಿ ಕಷ್ಟ ಕೊಡುವುದು ಉಸಿರಲ್ಲ, ಎಂಜಲು. ನುಂಗಿದರೆ ಗಂಟಲಿನ ಜೊತೆ ನಾಳವೂ ಸರಿಯುತ್ತದೆ. "ಸದ್ದು ಬರುವಾಗ ನುಂಗಬೇಡಿ ಸರ್, ನಿಂತಾಗ ನುಂಗಿ" ಅಂದರು ಟೆಕ್ನಿಷಿಯನ್. ಹಾಗೆ ಹೇಳಿದ ಕ್ಷಣದಿಂದ ಬಾಯಲ್ಲಿ ಎಂಜಲು ಊರತೊಡಗಿತು. ಇಡೀ ಸ್ಕ್ಯಾನ್‌ನಲ್ಲಿ ನನಗೆ ನಿಜವಾಗಿ ಕಷ್ಟವಾದದ್ದು ಇದೊಂದೇ. ಇಕ್ಕಟ್ಟೂ ಅಲ್ಲ, ಸದ್ದೂ ಅಲ್ಲ.

ನಡುವೆ ಕೈಯ ನಾಳಕ್ಕೆ ಗ್ಯಾಡೊಲಿನಿಯಂ ಅನ್ನುವ, ಚಿತ್ರದಲ್ಲಿ ಬೆಳಗುವ ಲೋಹದ ಔಷಧಿ ಕೊಟ್ಟರು. ತೋಳಿನಲ್ಲಿ ತಣ್ಣಗೆ ಏರಿದ್ದು ಗೊತ್ತಾಯಿತು, ಅಷ್ಟೇ. ಬರಿಯ ಗ್ಯಾಡೊಲಿನಿಯಂ ವಿಷ. ಇನ್ನೊಂದು ಅಣುವಿನೊಳಗೆ ಬಿಗಿಯಾಗಿ ಕಟ್ಟಿ ಕೊಡುತ್ತಾರೆ, ಕಿಡ್ನಿ ಅದನ್ನು ಹಾಗೇ ಹೊರಹಾಕುತ್ತದೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಇದರಿಂದ ಚರ್ಮ ಗಡುಸಾಗುವ ಕಾಯಿಲೆ ಬರುತ್ತದೆ ಅಂತ 2006ರಲ್ಲಿ ಗೊತ್ತಾದ ಮೇಲೆ ಮೊದಲೇ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸುವುದು ಹೆಚ್ಚಾಯಿತು. 2014ರ ನಂತರ ಮೆದುಳಿನಲ್ಲಿ ಅಲ್ಪಸ್ವಲ್ಪ ಉಳಿಯುತ್ತದೆ ಅಂತಲೂ ವರದಿಗಳು ಬಂದವು. ಅದರಿಂದ ಮೆದುಳಿಗೆ ಹಾನಿ ಆಗಿದೆ ಅಂತ ಸಾಬೀತಾಗಿಲ್ಲ. ಆದರೂ ಬೇಕಾದಾಗ ಮಾತ್ರ ಕೊಡುತ್ತಾರೆ. ನನಗೆ ಅದು ಬೇಕಾದದ್ದು ತಲೆಯೊಳಗಿನ ನಾಳಗಳಿಗಾಗಿ. ಅಲ್ಲಿ ಉರಿಯೂತವಿದ್ದರೆ ಗೋಡೆ ಸುತ್ತಲೂ ಸಮನಾಗಿ ಬೆಳಗುತ್ತದೆ. ಕೊಬ್ಬು ಕಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಮಗ್ಗುಲು ದಪ್ಪಗಿರುತ್ತದೆ. ನನ್ನಲ್ಲಿ ಎರಡೂ ಇರಲಿಲ್ಲ.

ತೊಂದರೆ ಇದ್ದದ್ದು ಕತ್ತಿನಲ್ಲಿ ಮಾತ್ರ. ಅಡ್ಡಕ್ಕೆ ಕುಯ್ದ ಹಾಗೆ ಕಾಣುವ ಚಿತ್ರದಲ್ಲಿ ಎಡಗಡೆಯ ನಾಳ ಗುಂಡಗಿನ ಕಪ್ಪು ತೂತು. ಬಲಗಡೆ ತೂತು ತೀರಾ ಸಣ್ಣದು, ಅದನ್ನು ಒಂದು ಬದಿಗೆ ಒತ್ತಿಕೊಂಡು ಬೆಳ್ಳಗಿನ ಅರ್ಧಚಂದ್ರ. ರಿಪೋರ್ಟ್ ಓದುವ ಅಗತ್ಯವೇ ಇರಲಿಲ್ಲ, ನನಗೂ ಕಂಡಿತು. ಗೋಡೆಗೆ ಬಳಿದ ಗಾರೆಯಲ್ಲಿ ಬಿರುಕು ಬಿಟ್ಟು, ಹಿಂದೆ ನೀರು ಸೇರಿ ಗಾರೆ ಉಬ್ಬುತ್ತದಲ್ಲ, ಹಾಗೆ ಅಂದರು ಮೇಡಂ. ನಾಳದ ಒಳಪದರ ಹರಿದಿದೆ. ರಕ್ತ ಆ ಸೀಳಿನೊಳಗೆ ನುಗ್ಗಿ ಗೋಡೆಯನ್ನು ಒಳಕ್ಕೆ ಉಬ್ಬಿಸಿದೆ. ಹರಿದ ಜಾಗದಲ್ಲಿ ಕಟ್ಟಿದ ಹೆಪ್ಪಿನ ಚೂರುಗಳು ಮೇಲೆ ಹೋಗಿ ಮೆದುಳಿನಲ್ಲಿ ಸಿಕ್ಕಿಕೊಂಡಿವೆ. ಇದನ್ನು ಡಿಸೆಕ್ಷನ್ ಅನ್ನುತ್ತಾರೆ. 50ರ ಒಳಗಿನವರಿಗೆ ಸ್ಟ್ರೋಕ್ ಬರಲು ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕೆಲವರಿಗೆ ಕತ್ತಿಗೆ ಪೆಟ್ಟು ಬಿದ್ದಿರುತ್ತದೆ, ಕೆಲವರಿಗೆ ಜರ್ಕ್ ಆಗಿರುತ್ತದೆ. ಎಷ್ಟೋ ಜನರಿಗೆ ಏನೂ ಆಗಿರುವುದಿಲ್ಲ. ನನಗೆ ನೆನಪಿರುವಂತೆ ಏನೂ ಆಗಿರಲಿಲ್ಲ.

ನೆಂಟರೊಬ್ಬರು "ಬ್ಲಾಕ್ ಇದ್ರೆ ಸ್ಟೆಂಟ್ ಹಾಕಿಸಿಬಿಡಿ" ಅಂತ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ಮೇಡಂ ಕೈಯಾಡಿಸಿದರು. ಇಂಥ ಸೀಳು ಬಹಳ ಸಲ ತಾನಾಗಿ ವಾಸಿಯಾಗುತ್ತದೆ, ಮೂರರಿಂದ ಆರು ತಿಂಗಳು ಹೆಪ್ಪುಗಟ್ಟದಂತೆ ಔಷಧಿ ಕೊಟ್ಟು ನೋಡುವುದೇ ವಾಡಿಕೆ. ಗೋಡೆಯಲ್ಲಿ ಕೊಬ್ಬಿನ ಗುರುತೇ ಇಲ್ಲದ್ದರಿಂದ ಆ ದಾರಿಯ ಔಷಧಿಗಳೂ ಬೇಡವಾದವು.

ರಿಪೋರ್ಟ್ ಬಗ್ಗೆ ಒಂದು ಮಾತು. ಅದು ರೋಗಿಗಾಗಿ ಬರೆದದ್ದಲ್ಲ, ಓದಿದರೆ ಗಾಬರಿ ಗ್ಯಾರಂಟಿ. ಆದರೆ ಚಿತ್ರಗಳಿರುವ ಸಿಡಿಯನ್ನು ಕೇಳಿ ತೆಗೆದುಕೊಳ್ಳಿ. ನನಗೆ ಅದು ಕೆಲವು ತಿಂಗಳ ನಂತರ ಮೂರನೆಯ ಸಲ ಸ್ಕ್ಯಾನ್ ಮಾಡಿದಾಗ ಕೆಲಸಕ್ಕೆ ಬಂತು. ಕಿರಿದಾದದ್ದು ಎಷ್ಟು ತೆರೆದಿದೆ ಅಂತ ಹೇಳಲು ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಗೋಡೆಯೊಳಗಿನ ಆ ಬಿಳಿ ರಕ್ತ ಆಂಜಿಯೋ ಚಿತ್ರದಲ್ಲೂ ಬೆಳ್ಳಗೆ ಕಂಡು, ಹರಿಯುವ ರಕ್ತ ಅಂತ ಮೋಸ ಮಾಡಬಲ್ಲದು. ಹಾಗಾಗಿ ರೇಡಿಯಾಲಜಿಸ್ಟ್ ಎರಡೂ ಬಗೆಯ ಚಿತ್ರ ನೋಡಿಯೇ ಮಾತಾಡುತ್ತಾರೆ.

ಆ ಮೂರನೆಯ ಸ್ಕ್ಯಾನ್‌ನಲ್ಲಿ ಅರ್ಧಚಂದ್ರ ಇರಲಿಲ್ಲ. ಬಲಗಡೆಯ ನಾಳ ಮೇಲಿನವರೆಗೆ ತೆರೆದಿತ್ತು, ಒಂದು ಕಡೆ ಅಂಚು ಸ್ವಲ್ಪ ಏರುಪೇರು. ಡಿಫ್ಯೂಷನ್ ಚಿತ್ರದ ಬಿಳಿ ಚುಕ್ಕೆಗಳು ಮಾಯವಾಗಿದ್ದವು. ಗಾಯ ಹೋಯಿತು ಅಂತ ಅದರ ಅರ್ಥವಲ್ಲ, ಆ ಚಿತ್ರದಲ್ಲಿ ಅದು ಕೆಲವು ವಾರಗಳಷ್ಟೇ ಹೊಳೆಯುತ್ತದೆ. ಫ್ಲೇರ್‌ನಲ್ಲಿ ಸಣ್ಣ ಕಲೆಗಳು ಉಳಿದಿವೆ, ಉಳಿದೇ ಇರುತ್ತವೆ. ಅಂಗಿಯ ಗುಂಡಿ ಹಾಕುವಾಗ ಎಡಗೈ ಇನ್ನೂ ಒಂದು ಕ್ಷಣ ತಡವರಿಸುತ್ತದೆ.

ನಾಳದ ಗೋಡೆ ಮತ್ತೆ ಸೀಳಬಹುದಾ ಅಂತ ಮೇಡಂ ಹತ್ತಿರ ಕೇಳಿದೆ. ಆ ಭಯ ಹೆಚ್ಚಿರುವುದು ಮೊದಲ ಕೆಲವು ವಾರ, ಆಮೇಲೆ ಕಡಿಮೆ ಅಂದರು. ಬಿಪಿ ಹಿಡಿತದಲ್ಲಿಡಬೇಕು. ಕತ್ತು ತಿರುಚಿ ನೆಟಿಗೆ ತೆಗೆಯುವವರ ಕೈಗೆ ತಲೆ ಕೊಡಬಾರದು. ಆಸ್ಪಿರಿನ್ ಸದ್ಯಕ್ಕೆ ಮುಂದುವರಿಯಲಿ. ಹೊಸ ಲಕ್ಷಣ ಬಂದರೆ ಹೊರತು ಇನ್ನೊಂದು ಎಂಆರ್‌ಐ ಬೇಡ ಅಂತ ಬರೆದುಕೊಟ್ಟರು.